ಗಿರಾಕಿಯ ಕಾಗದ ಅಂಗಡಿಯಲ್ಲಿ ಉಳಿಯದ ಹಾಗೆ ಮಾಡಿದೆ: ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಬ್ಬ ಹುಡುಗ, ನಾನು. ಈಗ ರಾತ್ರಿ ಶಟರ್ ಎಳೆದ ಮೇಲೆ ಒಳಗೆ ಯಾರದೂ ಒಂದು ಆಧಾರ್ ಉಳಿದಿರುವುದಿಲ್ಲ. ಕಂಪ್ಯೂಟರ್‌ನಲ್ಲೂ ಇಲ್ಲ, ಕಸದ ಡಬ್ಬಿಯಲ್ಲೂ ಇಲ್ಲ. ಫೋನಿನಲ್ಲಿ ಮಾತ್ರ ಹೆಚ್ಚೆಂದರೆ 24 ತಾಸು. "ಹಂಗ ಮಾಡಿದ್ರ ಅಂಗಡಿ ಮುಚ್ಚತೀ ನೋಡು" ಎಂದು ನಮ್ಮ ಸಾಲಿನವರೇ ನಕ್ಕಿದ್ದರು. ಒಂದೂವರೆ ವರ್ಷ ಹಿಡಿಯಿತು. ಅಂಗಡಿ ಮುಚ್ಚಿಲ್ಲ.

ಅವರು ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಧಂದೆಯಲ್ಲಿ ಗಿರಾಕಿ ತಿರುಗಿ ಬರುವುದೇ "ನನ್ನ ಫೈಲ್ ನಿಮ್ಮ ಹತ್ರ ಅದಲ್ರೀ" ಎಂದು. 371ಜೆ ಸರ್ಟಿಫಿಕೇಟ್, ಜಾತಿ-ಆದಾಯ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಎಲ್ಲಾ ನಮ್ಮ ಡೆಸ್ಕ್‌ಟಾಪ್ ಮೇಲೆ. ನನ್ನ ಹತ್ತಿರ 'ಹೊಸದು', 'ಹೊಸದು 2', 'ಹೊಸದು ಖರೇ' ಎಂಬ ಫೋಲ್ಡರ್‌ಗಳು ಇದ್ದವು. ಒಮ್ಮೆ ಎಣಿಸಿದಾಗ ಹನ್ನೊಂದು ಸಾವಿರ ಚಿಲ್ಲರೆ ಫೈಲ್. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದ ಮೇಲಂತೂ ಲೆಕ್ಕವೇ ತಪ್ಪಿತು.

ಆಳಂದ ಕಡೆಯ ಒಬ್ಬ ಹೆಣ್ಣುಮಗಳು ಒಂದು ದಿನ ಬಂದು ಜಗಳ ತೆಗೆದರು. ಅವರ ಹೆಸರಲ್ಲಿ ಯಾರೋ ಸಿಮ್ ತಗೊಂಡಿದ್ದಾರಂತೆ. ನಮ್ಮ ಹೆಸರಲ್ಲಿ ಯಾವ ಸಿಮ್ ಇವೆ ಎಂದು ತೋರಿಸುವ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅವರ ನಂಬರ್ ಹಾಕಿ ನೋಡಿದೆ. ಅವರದಲ್ಲದ ಮೂರು ನಂಬರ್ ತೋರಿಸಿತು. 'ಇದು ನನ್ನ ನಂಬರ್ ಅಲ್ಲ' ಎಂದು ಒತ್ತಿ ದೂರು ಹಾಕಿಕೊಟ್ಟೆ. ಆದರೆ "ನಿಮ್ಮ ಅಂಗಡಿಯಿಂದ ಹೋಗಿಲ್ಲ ಅಂತ ಆಣಿ ಮಾಡ್ರಿ" ಎಂದಾಗ ಬಾಯಿ ಬರಲಿಲ್ಲ. ಆಣೆ ಹೇಗೆ ಮಾಡುವುದು? ಗಿರಾಕಿಗಳೇ ಮೌಸ್ ಹಿಡಿದು ತಮ್ಮ ಫೈಲ್ ಹುಡುಕಿಕೊಳ್ಳುತ್ತಿದ್ದರು.

ಮೊದಲು ದಿನಾ ಸಂಜೆ ಡಿಲೀಟ್ ಮಾಡುವ ನಿಯಮ ಇಟ್ಟೆ. ಎಂಟು ದಿನ ನಡೆಯಿತು. ಸ್ಕಾಲರ್‌ಶಿಪ್ ಕೊನೆಯ ದಿನಾಂಕ ಬಂತೆಂದರೆ ರಾತ್ರಿ ಹತ್ತಕ್ಕೆ ಯಾರಿಗೆ ನೆನಪಿರುತ್ತದೆ? ಡಿಲೀಟ್ ಆದದ್ದೂ ರೀಸೈಕಲ್ ಬಿನ್‌ನಲ್ಲಿ ಆರಾಮಾಗಿ ಕೂತಿತ್ತು.

ಆಮೇಲೆ ಫೋಲ್ಡರ್‌ಗೆ ಬೀಗ ಹಾಕುವ ಸಾಫ್ಟ್‌ವೇರ್. ಸುಮಾರು 1,200 ರೂಪಾಯಿ. ಪಾಸ್‌ವರ್ಡ್ ಮರೆತೆ. ತಂಗಿಯ ಮದುವೆ ಫೋಟೋ ಅದರೊಳಗೇ ಹೋದವು. ಮನೆಯಲ್ಲಿ ಇವತ್ತಿಗೂ ಆ ಮಾತು ಬರುತ್ತದೆ.

ಮೂರನೆಯದು ಬ್ರೌಸರ್‌ನ ಗೆಸ್ಟ್ ಮೋಡ್. ಇದನ್ನು ನಂಬಿ ಎರಡು ತಿಂಗಳು ಎದೆ ಉಬ್ಬಿಸಿಕೊಂಡು ಓಡಾಡಿದೆ. ಗೆಸ್ಟ್ ಮೋಡ್ ಹಿಸ್ಟರಿ ಒರೆಸುತ್ತದೆ, ಲಾಗಿನ್ ಒರೆಸುತ್ತದೆ. ಇಳಿಸಿಕೊಂಡ ಪಿಡಿಎಫ್ ಮಾತ್ರ ಡೌನ್‌ಲೋಡ್ಸ್‌ನಲ್ಲಿ ಹಾಗೇ ಇರುತ್ತದೆ! ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಫೈಲಿಗೆ ನಾವೇ ಗಿರಾಕಿಯ ಹೆಸರು ಕೊಟ್ಟಿರುತ್ತೇವೆ. ಉಳಿದದ್ದು ವಯಸ್ಸು, ಅಷ್ಟೇ.

ರೀಬೂಟ್ ಮಾಡಿದರೆ ಎಲ್ಲಾ ಹಿಂದಿನ ಸ್ಥಿತಿಗೆ ಹೋಗುವ ಸಾಫ್ಟ್‌ವೇರ್ ಕೂಡ ಹಾಕಿದೆ. ಫೈಲ್ ಹೋದವು, ಸರಿ. ಜೊತೆಗೆ ಥಂಬ್ ಮಷಿನ್ ನಡೆಸುವ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರ್‌ನ ಅಪ್‌ಡೇಟ್ ಕೂಡ ದಿನಾ ಹೋಗುತ್ತಿತ್ತು. ಬೆಳಿಗ್ಗೆ ಅರ್ಧ ತಾಸು ಅದಕ್ಕೇ. ಹುಡುಗ ಕೆಲಸ ಬಿಡುತ್ತೇನೆ ಎಂದ.

ಕೊನೆಗೆ ಕೈಹಿಡಿದದ್ದು ರ‍್ಯಾಮ್ ಡಿಸ್ಕ್, ಅಂದರೆ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮ್‌ನಲ್ಲೇ ಮಾಡಿದ ಡ್ರೈವ್. ಹಳೆಯ 8 ಜಿಬಿ ರ‍್ಯಾಮ್ ಒಂದನ್ನು ಸುಮಾರು 1,500ಕ್ಕೆ ತಂದು ಹಾಕಿದೆ. ಅದರಲ್ಲಿ 2 ಜಿಬಿ ಮುರಿದು ಒಂದು ಡ್ರೈವ್ ಮಾಡಿದೆ. ಡೌನ್‌ಲೋಡ್ ಅಲ್ಲಿಗೆ, ಸ್ಕ್ಯಾನ್ ಅಲ್ಲಿಗೆ, ವಾಟ್ಸಾಪ್ ವೆಬ್‌ನಿಂದ ಇಳಿಸಿದ್ದೂ ಅಲ್ಲಿಗೆ. ಕಂಪ್ಯೂಟರ್ ಬಂದ್ ಆದರೆ ಡ್ರೈವೇ ಇಲ್ಲ. ಯಾರೂ ಏನೂ ನೆನಪಿಡಬೇಕಿಲ್ಲ. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಫಾಸ್ಟ್ ಸ್ಟಾರ್ಟಪ್ ಮಾತ್ರ ಆಫ್ ಮಾಡಿ, ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ರ‍್ಯಾಮ್ ಸಾಲದಾದಾಗ ಕಂಪ್ಯೂಟರ್ ಹಾರ್ಡ್ ಡಿಸ್ಕ್‌ಗೆ ಬರೆದಿಡುವ ಪೇಜ್‌ಫೈಲ್ ಕೂಡ ಶಟ್‌ಡೌನ್‌ನಲ್ಲಿ ಅಳಿಯುವ ಹಾಗೆ ಇಡಿ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ 'ಪ್ರಿಂಟ್ ಆದದ್ದನ್ನು ಉಳಿಸು' ಎಂಬುದಕ್ಕೆ ಟಿಕ್ ಇದೆಯಾ ನೋಡಿ, ನನ್ನದರಲ್ಲಿ ಇತ್ತು. ಗಿರಾಕಿ ಎದ್ದು ಹೋದ ಕೂಡಲೇ ಅವರ ಫೈಲ್ ಮಾತ್ರ ಹೋಗುವ ಹಾಗೆ ಒಂದು ಸಣ್ಣ ಬ್ಯಾಚ್ ಫೈಲ್ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಅಂಗಡಿಗೆ ಬನ್ನಿ, ಚಹಾ ಕುಡಿಸಿ, ನೋಡೋಣ.

ಕರೆಂಟ್ ಹೋದರೆ? ಹೋದವು. ಒಂದು ಮಧ್ಯಾಹ್ನ ಹದಿನಾಲ್ಕು ಹುಡುಗರ ಸ್ಕ್ಯಾನ್ ಒಂದೇ ಏಟಿಗೆ ಮಾಯ. ಮರುದಿನವೇ ಯುಪಿಎಸ್ ಬ್ಯಾಟರಿ ಬದಲಿಸಿದೆ, 2,600 ಇರಬೇಕು.

ವಾಟ್ಸಾಪ್‌ಗೆ 3,500ರ ಹಳೆಯ ಫೋನ್, ಬೇರೆ ಸಿಮ್. ಮೊದಲು ನನ್ನ ಸ್ವಂತ ಫೋನೇ ಇತ್ತು. ಊರವರ ಪಾನ್ ಕಾರ್ಡ್ ನನ್ನ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುತ್ತಿದ್ದದ್ದು ಗೊತ್ತೇ ಇರಲಿಲ್ಲ. ಈಗ ಬ್ಯಾಕಪ್ ಇಲ್ಲ, ಮೆಸೇಜ್ 24 ತಾಸಿಗೆ ಮಾಯ. ಆಟೋ ಡೌನ್‌ಲೋಡ್ ಬಂದ್ ಮಾಡದೆ ಬರೀ ಇದನ್ನು ಹಾಕಿದರೆ ಉಪಯೋಗವಿಲ್ಲ. ಚಾಟ್ ಹೋಗುತ್ತದೆ, ಫೋಟೋ ಗ್ಯಾಲರಿಯಲ್ಲಿ ಉಳಿಯುತ್ತದೆ.

ಗಿರಾಕಿಗೆ ಏನು ಕೊಡುವುದು? ಡಿಜಿಲಾಕರ್ ಮಾಡಿಸಲು ಹೋದೆ. ಓಟಿಪಿ ಪುಣೆಗೆ ದುಡಿಯಲು ಹೋದ ಮಗನ ಫೋನಿಗೆ ಬರುತ್ತದೆ, ಅವನು ಎತ್ತಲ್ಲ. ಹಾಗಾಗಿ ಈಗ ಅವರ ಫೈಲ್ ಅವರ ವಾಟ್ಸಾಪ್‌ಗೇ ಕಳಿಸಿ, ಅವರು ತಮಗೆ ತಾವೇ ಮೆಸೇಜ್ ಹಾಕಿಕೊಳ್ಳುವ ಚಾಟ್‌ಗೆ ಹಾಕಿ, ಆ ಚಾಟನ್ನು ಮೇಲೆ ಪಿನ್ ಮಾಡಿಕೊಡುತ್ತೇನೆ. ಮೊದಲ ಎರಡು ತಿಂಗಳು ದಿನದ ಗಳಿಕೆ 900ರಿಂದ 600ಕ್ಕೆ ಇಳಿಯಿತು. ಐದಾರು ತಿಂಗಳಿಗೆ ಮೊದಲಿನ ಜಾಗಕ್ಕೆ ಬಂತು. ಈಗ ಹೈಕೋರ್ಟ್ ಪೀಠದ ಕಡೆಯ ಇಬ್ಬರು ವಕೀಲರು ಕೇಸಿನ ಕಾಗದ ನನ್ನ ಹತ್ತಿರವೇ ಮಾಡಿಸುತ್ತಾರೆ. ಒಟ್ಟು ಖರ್ಚು ಹದಿನಾಲ್ಕು ಸಾವಿರದ ಆಸುಪಾಸು.

ಮಾಸ್ಕ್ಡ್ ಆಧಾರ್, ಅಂದರೆ ಕೊನೆಯ ನಾಲ್ಕೇ ಅಂಕಿ ಕಾಣುವುದು, ಅದನ್ನೂ ಕೊಟ್ಟು ನೋಡಿದೆ. ಗಾಣಗಾಪುರಕ್ಕೆ ಹೊರಟವರಿಗೆ ಲಾಡ್ಜ್‌ಗೆಂದು ಅದನ್ನೇ ಪ್ರಿಂಟ್ ಹಾಕಿಕೊಟ್ಟೆ. ಹತ್ತರಲ್ಲಿ ಎಂಟು ಕಡೆ ನಡೆಯಿತು. ಸರ್ಕಾರದ ದುಡ್ಡು ಖಾತೆಗೆ ಬರುವ ಅರ್ಜಿಗಳಿಗೆ ಪೂರ್ತಿ ನಂಬರ್ ಬೇಕೇ ಬೇಕು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಸೈಬರ್ ಕೆಫೆಯಲ್ಲಿ ಇ-ಆಧಾರ್ ಇಳಿಸಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು, ನೆನಪಿದೆಯಾ? ಎರಡೇ ದಿನಕ್ಕೆ ವಾಪಸ್ ತಗೊಂಡರು. ಆ ಎರಡು ದಿನ ನಮ್ಮ ಸಾಲಿನ ಮುಖ ನೋಡಬೇಕಿತ್ತು.

ಬೆರಳಚ್ಚು ನಕಲು ಮಾಡಿ ಖಾತೆಯಿಂದ ದುಡ್ಡು ತೆಗೆದ ಸುದ್ದಿ ಓದಿ ನಮ್ಮ ಅವ್ವನ ಬಯೋಮೆಟ್ರಿಕ್ ಲಾಕ್ ಮಾಡಿದೆ. ಮುಂದಿನ ತಿಂಗಳು ರೇಷನ್ ಅಂಗಡಿಯಲ್ಲಿ ಥಂಬ್ ತಗೊಳ್ಳಲಿಲ್ಲ. ಬಿಸಿಲಲ್ಲಿ ಎರಡು ಸಲ ತಿರುಗಿದ ಅವ್ವ ನನಗೆ ಹೇಳಿದ್ದನ್ನು ಇಲ್ಲಿ ಬರೆಯಲಾಗದು. ಈಗ ಯಾರೇ ಲಾಕ್ ಕೇಳಿದರೂ "ರೇಷನ್ ಯಾರು ತರ್ತಾರ್ರೀ" ಎಂದು ಮೊದಲು ಕೇಳುತ್ತೇನೆ.

ಉಳಿದದ್ದು ಕೆಟ್ಟ ಪ್ರಿಂಟ್‌ಗಳು. ಮೊದಲು ರದ್ದಿಗೆ ಹಾಕುತ್ತಿದ್ದೆ, ತಿಂಗಳಿಗೆ 250 ಬರುತ್ತಿತ್ತು. ಒಂದು ಸಂಜೆ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ ನನ್ನದೇ ಮಷಿನ್‌ನ ಕಪ್ಪು ಗೆರೆ. 3,800 ಕೊಟ್ಟು ಶ್ರೆಡರ್ ತಂದೆ. ನಮ್ಮ ಏಪ್ರಿಲ್ ಬಿಸಿಲಿಗೆ ಐದು ನಿಮಿಷ ಓಡಿ ಅರ್ಧ ತಾಸು ಮಲಗುತ್ತದೆ. ಈಗ ಅದು ಮೂಲೆಯಲ್ಲಿದೆ, ಕಾಗದ ಬಕೆಟ್ ನೀರಲ್ಲಿದೆ. ಎರಡು ದಿನ ನೆನೆದದ್ದನ್ನು ಅವ್ವ ಮೆಂತ್ಯದ ಜೊತೆ ರುಬ್ಬಿ, ಹಳೆಯ ಕಾಲದ ಹಾಗೆ ಬುಟ್ಟಿ ಮಾಡುತ್ತಾಳೆ. ಟೋನರ್‌ನಿಂದ ಸ್ವಲ್ಪ ಬೂದಿ ಬಣ್ಣ ಬರುತ್ತದೆ. ಮೊದಲ ಬುಟ್ಟಿ ಸರಿಯಾಗಿ ರುಬ್ಬಿರಲಿಲ್ಲ. ಅಂಚಿನಲ್ಲಿ ಯಾರದೋ ಹುಟ್ಟಿದ ವರ್ಷ ಓದಲು ಬರುತ್ತಿತ್ತು. ಅದರ ಮೇಲೆ ಸುಣ್ಣ ಬಳಿದೆವು. ಈಗ ಕೌಂಟರ್ ಮೇಲೆ ಚಿಲ್ಲರೆ ಹಾಕಲು ಅದೇ ಇದೆ.