ಎರಕದ ಆಕ್ಸಲ್ ಹೌಸಿಂಗ್‌ಗೆ ಸಸ್ಪೆನ್ಷನ್ ಬ್ರಾಕೆಟ್ ಬೆಸೆಯುವ ಕ್ರಮ

ಹಳೆಯ ಜೀಪಿನ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಮತ್ತು ಲಿಂಕ್‌ಗಳನ್ನು (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳುಗಳನ್ನು) ಅಳವಡಿಸಬೇಕೆಂದರೆ ಆಕ್ಸಲ್ ಮೇಲೆ ಹೊಸ ಬ್ರಾಕೆಟ್‌ಗಳನ್ನು ಬೆಸೆಯುವುದು ಅನಿವಾರ್ಯವಾಗುತ್ತದೆ. ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಜೀಪುಗಳ ಆಕ್ಸಲ್ ಸಾಮಾನ್ಯವಾಗಿ ಎರಡು ಬಗೆಯ ಲೋಹದಿಂದ ಆಗಿರುತ್ತದೆ: ನಡುವೆ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ ಕೂರುವ ಎರಕದ ಹೌಸಿಂಗ್, ಅದರ ಎರಡೂ ಬದಿಗೆ ಒತ್ತಿ ಕೂರಿಸಿ, ಎರಕದಲ್ಲಿ ಬಿಟ್ಟ ತೂತುಗಳ ಮೂಲಕ ಬೆಸೆದು ಭದ್ರಪಡಿಸಿದ ಉಕ್ಕಿನ ಕೊಳವೆಗಳು. ಕೊಳವೆಗೆ ಬ್ರಾಕೆಟ್ ಬೆಸೆಯುವುದು ಯಾವುದೇ ಒಳ್ಳೆಯ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ. ಆದರೆ ಈ ಜೀಪುಗಳಲ್ಲಿ ಡಿಫರೆನ್ಷಿಯಲ್, ಅಂದರೆ ಆ ಹಲ್ಲುಚಕ್ರಗಳಿರುವ ಎರಕದ ಭಾಗ, ಒಂದು ಪಕ್ಕಕ್ಕೆ ಸರಿದಿರುವುದರಿಂದ ಆ ಬದಿಯ ಕೊಳವೆ ಗಿಡ್ಡವಾಗಿರುತ್ತದೆ, ಜಾಗ ಸಾಲದೆ ಬ್ರಾಕೆಟ್‌ನ ಒಂದು ಅಂಚು ಎರಕದ ಮೇಲೆ ಬಂದು ಕೂರುತ್ತದೆ. ಮೇಲಿನ ಲಿಂಕ್‌ನ ಬ್ರಾಕೆಟ್ ಅಂತೂ ಹಲವು ವಿನ್ಯಾಸಗಳಲ್ಲಿ ನೇರವಾಗಿ ಎರಕದ ನೆತ್ತಿಗೇ ಬರುತ್ತದೆ.

ಎರಕಕ್ಕೂ ಉಕ್ಕಿಗೂ ಇರುವ ಮುಖ್ಯ ಅಂತರ ಇಂಗಾಲದ ಪ್ರಮಾಣ. ಕೊಳವೆಯ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.2ರ ಆಸುಪಾಸಿನಲ್ಲಿದ್ದರೆ ಎರಕಕ್ಕೆ ಬಳಸುವ ಬೀಡು ಕಬ್ಬಿಣದಲ್ಲಿ ಅದು ಶೇ. 2.5ರಿಂದ 4ರವರೆಗೆ ಇರುತ್ತದೆ. ವೆಲ್ಡಿಂಗ್ ಶಾಖದಲ್ಲಿ ಈ ಇಂಗಾಲದ ಒಂದಂಶ ಕರಗಿ, ಸುತ್ತಲಿನ ತಣ್ಣನೆಯ ದಪ್ಪ ಲೋಹ ಶಾಖವನ್ನು ಸರ್‍ರನೆ ಎಳೆದುಕೊಂಡಾಗ, ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಗಡಸಾದ, ಬಾಗಲಾರದ ಒಂದು ತೆಳುಪಟ್ಟಿ ಉಂಟಾಗುತ್ತದೆ. ಹೀಗಾಗಿ ಎರಕದ ಮೇಲಿನ ಬೆಸುಗೆ ಸಾಮಾನ್ಯವಾಗಿ ತಾನೇ ಮುರಿಯುವುದಿಲ್ಲ, ತನ್ನ ಪಕ್ಕದ ಎರಕವನ್ನು ಕಿತ್ತುಕೊಂಡು ಬರುತ್ತದೆ. ಮಿಗ್ ಯಂತ್ರದ (ರಾಡಿನ ಬದಲು ತಂತಿಯನ್ನು ತಾನೇ ಊಡುತ್ತ ಬೆಸೆಯುವ ಯಂತ್ರ) ಸಾಮಾನ್ಯ ತಂತಿಯಿಂದ ನೇರವಾಗಿ ಬೆಸೆದು, ಏನೂ ಆಗಿಲ್ಲ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ನೋಡಲು ಅಂದವಾಗಿರುವ ಆ ಬೆಸುಗೆಯ ಅಡಿಯಲ್ಲಿ ಏನಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅವರ ಮಾತನ್ನು ನಂಬಿ ಲಿಂಕ್ ಬ್ರಾಕೆಟ್ ಬೆಸೆಯುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಈ ಕಾರಣಕ್ಕೆ ಬ್ರಾಕೆಟ್‌ನ ನಕ್ಷೆ ಹಾಕುವಾಗಲೇ ಭಾರವನ್ನು ಕೊಳವೆಯ ಮೇಲೆ ಹಾಕಬೇಕು. ಬ್ರಾಕೆಟ್ ಕೊಳವೆಯನ್ನು ಅರ್ಧಕ್ಕಿಂತ ಹೆಚ್ಚು ಅಪ್ಪಿಕೊಂಡಿದ್ದು, ಎರಕದ ಮೇಲೆ ಅದರ ಬಾಲ ಮಾತ್ರ ಬಂದರೆ ಉತ್ತಮ. ಮೇಲಿನ ಲಿಂಕ್‌ಗಾದರೆ ಎರಡೂ ಬದಿಯ ಕೊಳವೆಗಳ ಮೇಲೆ ಕಾಲೂರಿ ಎರಕವನ್ನು ದಾಟಿಹೋಗುವ ಸೇತುವೆಯಂಥ ಚೌಕಟ್ಟು ಮಾಡಿ, ಬ್ರಾಕೆಟ್ಟನ್ನು ಆ ಚೌಕಟ್ಟಿಗೆ ಬೆಸೆಯುವುದು ಎಲ್ಲಕ್ಕಿಂತ ಕ್ಷೇಮ. ಬ್ರಾಕೆಟ್‌ನ ಮೂಲೆಗಳನ್ನು ದುಂಡಗೆ ಮಾಡಬೇಕು, ಏಕೆಂದರೆ ಚೂಪು ಮೂಲೆಯಲ್ಲಿ ಮುಗಿಯುವ ಬೆಸುಗೆಯಿಂದಲೇ ಬಿರುಕು ಹುಟ್ಟುತ್ತದೆ.

ಎರಕದ ಜಾತಿ ಯಾವುದೆಂದು ತಿಳಿಯದೆ ಬೆಸುಗೆಯ ರಾಡ್ ಕೊಳ್ಳಬಾರದು. ಆಕ್ಸಲ್ ಹೌಸಿಂಗ್‌ಗಳು ಹೆಚ್ಚಾಗಿ ನಾಡ್ಯುಲರ್ (ಒಳಗಿನ ಗ್ರಾಫೈಟ್ ದುಂಡು ಕಾಳಿನಂತಿರುವ) ಅಥವಾ ಮ್ಯಾಲಿಯೇಬಲ್ (ಕಾಯಿಸಿ ಹದಗೊಳಿಸಿದ) ಎರಕದವು, ಕೆಲವು ಎರಕದ ಉಕ್ಕಿನವು. ಉಪಯೋಗಕ್ಕಿಲ್ಲದ ಒಂದು ದಪ್ಪ ಅಂಚಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಆಳಕ್ಕೆ ಡ್ರಿಲ್ ಹಾಕಿ ಬಿಳಿ ಕಾಗದದ ಮೇಲೆ ಚೂರುಗಳನ್ನು ಹಿಡಿದು ನೋಡಬೇಕು. ಉಕ್ಕಾದರೆ ಉದ್ದನೆಯ ಸುರುಳಿ ಬರುತ್ತದೆ. ಬೂದು ಎರಕವಾದರೆ (ಬಾಗದೆ ಒಡೆಯುವ ಸಾಮಾನ್ಯ ಬೀಡು) ಬೆರಳಿಗೆ ಮಸಿ ಹತ್ತುವ ಕಪ್ಪು ಪುಡಿ ಉದುರುತ್ತದೆ. ನಾಡ್ಯುಲರ್ ಎರಕದಲ್ಲಿ ಚೂರುಗಳು ಬಾಗಿ ಬಂದು ಬೇಗ ತುಂಡಾಗುತ್ತವೆ, ಬೆರಳಿಗೆ ಮಸಿಯೂ ಹತ್ತುತ್ತದೆ. ಗ್ರೈಂಡರ್ ಹಿಡಿದರೆ ಉಕ್ಕಿನ ಕಿಡಿ ಉದ್ದವಾಗಿ ಬೆಳ್ಳಗೆ ಹಾರುತ್ತದೆ, ಬೀಡಿನ ಕಿಡಿ ಕೆಂಪಗೆ, ಗಿಡ್ಡವಾಗಿ ಚಕ್ರದ ಬಳಿಯೇ ಆರುತ್ತದೆ. ಬೂದು ಎರಕವೆಂದು ಖಚಿತವಾದರೆ ಅದಕ್ಕೆ ಸಸ್ಪೆನ್ಷನ್ ಭಾರ ಹೊರುವ ಯಾವುದನ್ನೂ ಬೆಸೆಯದೆ, ಬ್ರಾಕೆಟ್ಟನ್ನು ಕೊಳವೆಯ ಮೇಲೆ ಯು-ಬೋಲ್ಟ್‌ಗಳಿಂದ ಬಿಗಿಯುವ ದಾರಿ ಹುಡುಕಬೇಕು. ಎರಕದ ಉಕ್ಕಾಗಿದ್ದರೆ ಒಣಗಿಸಿದ 7018 ರಾಡ್ (ಉಕ್ಕು ಬೆಸೆಯುವ ಒಂದು ಬಗೆಯ ರಾಡ್) ಮತ್ತು ಸುಮಾರು 150 ಡಿಗ್ರಿ ಸೆಲ್ಸಿಯಸ್ ಪೂರ್ವ ತಾಪ ಸಾಕಾಗುತ್ತದೆ. ಮುಂದಿನ ವಿವರವೆಲ್ಲ ನಾಡ್ಯುಲರ್ ಎರಕಕ್ಕೆ ಸಂಬಂಧಿಸಿದ್ದು.

ಬ್ರಾಕೆಟ್‌ನ ಸ್ಥಾನವನ್ನು ವಾಹನದ ಮೇಲೆಯೇ, ಪೂರ್ಣ ತೂಕ ಚಕ್ರಗಳ ಮೇಲೆ ಬಿದ್ದಿರುವಾಗ ನಿರ್ಧರಿಸಬೇಕು. ಹಿಂದಿನ ಆಕ್ಸಲ್‌ನಲ್ಲಿ ಪಿನಿಯನ್ ಕೋನವನ್ನೂ (ಪಿನಿಯನ್ ಮೂತಿಯ ಓರೆ) ಮುಂದಿನದರಲ್ಲಿ ಕ್ಯಾಸ್ಟರ್ ಕೋನವನ್ನೂ (ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ಓರೆ) ಆಗಲೇ ಹೊಂದಿಸಿಕೊಳ್ಳಬೇಕು, ಏಕೆಂದರೆ ಬೆಸೆದ ಮೇಲೆ ಅದನ್ನು ತಿದ್ದುವುದು ಬ್ರಾಕೆಟ್ ಕತ್ತರಿಸದೆ ಆಗದ ಮಾತು. ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಕೊಳವೆಗೇ ಹಾಕಿ ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಬೇಕು. ಚಾಸಿಗೋ ಚಕ್ರಕ್ಕೋ ಹಾಕಿದರೆ ವಿದ್ಯುತ್ತು ಬೇರಿಂಗ್‌ಗಳ ಮೂಲಕ ಹಾದು ಅವುಗಳ ಮೈಮೇಲೆ ಗುಳಿ ಬೀಳಿಸುತ್ತದೆ. ಟ್ಯಾಕ್‌ಗಳೆಲ್ಲ ಕೊಳವೆಯ ಮೇಲೆ ಮಾತ್ರ ಇರಬೇಕು, ಎರಕದ ಮೇಲೆ ಒಂದೂ ಬೇಡ. ತಣ್ಣಗಿರುವ ದಪ್ಪ ಎರಕದ ಮೇಲೆ ಬಿದ್ದ ಚಿಕ್ಕ ಟ್ಯಾಕ್ ಕ್ಷಣದಲ್ಲಿ ಆರುವುದರಿಂದ ಅತಿ ಗಡಸಾದ ಪಟ್ಟಿ ಅದರ ಅಡಿಯಲ್ಲೇ ಉಂಟಾಗುತ್ತದೆ, ಆಮೇಲೆ ಮೇಲಿನಿಂದ ಎಷ್ಟು ಚೆನ್ನಾಗಿ ಬೆಸೆದರೂ ಬಿರುಕಿನ ಮೂಲ ಅಲ್ಲೇ ಉಳಿದಿರುತ್ತದೆ. ಬ್ರಾಕೆಟ್ ಸುತ್ತ ಗೆರೆ ಕೊರೆದು ಗುರುತು ಮಾಡಿಕೊಂಡು ಆಕ್ಸಲನ್ನು ಕೆಳಗಿಳಿಸಬೇಕು.

ಇಳಿಸಿದ ಆಕ್ಸಲ್‌ನಿಂದ ಎಣ್ಣೆ, ಕ್ರೌನ್, ಪಿನಿಯನ್, ಬೇರಿಂಗ್‌ಗಳು, ಸೀಲ್‌ಗಳು, ಹಬ್ ಎಲ್ಲವನ್ನೂ ತೆಗೆಯಬೇಕು. ಬೇರಿಂಗ್ ಕ್ಯಾಪ್‌ಗಳನ್ನು ಮಾತ್ರ ಎಡಬಲ ಅದಲುಬದಲಾಗದಂತೆ ಗುರುತಿಸಿ, ಮತ್ತೆ ಅವುಗಳ ಜಾಗದಲ್ಲೇ ಬಿಗಿದಿಡಬೇಕು. ಬೋರ್‌ನ (ಬೇರಿಂಗ್ ಕೂರುವ ತೂತಿನ) ದುಂಡುತನ ಕಾಪಾಡಲು ಇದು ಸಹಾಯಕ. ನಂತರ ಆಕ್ಸಲ್‌ನ ಎರಡೂ ತುದಿಯ ಫ್ಲಾಂಜ್‌ಗಳಿಗೆ ಉದ್ದನೆಯ ನೇರ ಪಟ್ಟಿಗಳನ್ನು ಬಿಗಿದು, ಅವುಗಳ ನಡುವಿನ ಅಂತರವನ್ನು ಮುಂದೆ, ಹಿಂದೆ, ಮೇಲೆ, ಕೆಳಗೆ ಅಳೆದು ಬರೆದಿಟ್ಟುಕೊಳ್ಳಬೇಕು. ಕೊಳವೆ ಬೆಸುಗೆಯ ಕಡೆಗೆ ಬಾಗುವುದು ಸಹಜವಾದ್ದರಿಂದ ಕೊನೆಯಲ್ಲಿ ಈ ಅಳತೆಗಳೇ ಸಾಕ್ಷಿ.

ಬಣ್ಣ ಮತ್ತು ತುಕ್ಕನ್ನು ಗ್ರೈಂಡರಿನಿಂದ ತೆಗೆದರೂ ಕೊನೆಯ ಮೈಯನ್ನು ಅರದಿಂದ ಅಥವಾ ಕಾರ್ಬೈಡ್ ಬರ್‌ನಿಂದ ಮಾಡಬೇಕು, ಏಕೆಂದರೆ ಗ್ರೈಂಡರ್ ಚಕ್ರ ಎರಕದೊಳಗಿನ ಗ್ರಾಫೈಟನ್ನು ಮೈತುಂಬ ಸವರಿಬಿಡುತ್ತದೆ ಮತ್ತು ಸವರಿದ ಕಡೆ ಲೋಹ ಹಿಡಿಯುವುದಿಲ್ಲ. ವರ್ಷಗಟ್ಟಲೆ ಗೇರ್ ಎಣ್ಣೆಯಲ್ಲಿದ್ದ ಎರಕದ ಒಳಗೂ ಎಣ್ಣೆ ಇಳಿದಿರುತ್ತದೆ. ಬೆಸೆಯುವ ಜಾಗವನ್ನು ನಿಧಾನವಾಗಿ ಕಾಯಿಸಿದಾಗ ಎಣ್ಣೆ ಹೊಗೆಯಾಗಿ ಏಳುತ್ತದೆ. ಒರೆಸಿ, ಮತ್ತೆ ಕಾಯಿಸಿ, ಹೊಗೆ ನಿಲ್ಲುವವರೆಗೆ ಇದನ್ನು ಮಾಡಬೇಕು. ಫಿಲ್ಲರ್ ಪ್ಲಗ್ ಮತ್ತು ಬ್ರೀದರ್ ತೆರೆದಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಮಾತ್ರ ಹತ್ತಿರ ತರಕೂಡದು: ಆರ್ಕ್‌ನ ಶಾಖಕ್ಕೆ ಸಿಕ್ಕಿದ ಅದರ ಆವಿ ಫಾಸ್ಜೀನ್ ಎಂಬ ವಿಷಾನಿಲವಾಗಿ ಮಾರ್ಪಡುತ್ತದೆ, ಅದು ಪ್ರಾಣಕ್ಕೇ ಎರವಾಗಬಲ್ಲದು.

ರಾಡ್ ಕೊಳ್ಳುವಾಗ ಅಂಗಡಿಯಲ್ಲಿ ಬರೀ 'ಬೀಡಿನ ರಾಡ್' ಎಂದು ಕೇಳಿದರೆ ಯಾವುದನ್ನಾದರೂ ಕೊಟ್ಟಾರು. ಬೇಕಾದದ್ದು ಸುಮಾರು ಶೇ. 55ರಷ್ಟು ನಿಕ್ಕಲ್, ಉಳಿದದ್ದು ಬಹುಪಾಲು ಕಬ್ಬಿಣವಿರುವ ರಾಡ್. ಹೆಚ್ಚುಕಡಿಮೆ ಶುದ್ಧ ನಿಕ್ಕಲ್‌ನ ರಾಡ್ ಮೆದುವಾಗಿ ಕೂತು ಸುಲಭವಾಗಿ ಅರ ಹಿಡಿಯುತ್ತದೆಯಾದರೂ ದಪ್ಪ ಎರಕವನ್ನು ಉಕ್ಕಿಗೆ ಜೋಡಿಸಲು ನಿಕ್ಕಲ್-ಕಬ್ಬಿಣದ್ದೇ ಮೇಲು. ಬೆಲೆ ಸಾಮಾನ್ಯ ರಾಡಿನ ಹಲವು ಪಟ್ಟು ಇರುತ್ತದೆ. ಅದೇ ಮಾದರಿಯ ಗುಜರಿ ಹೌಸಿಂಗ್ ಒಂದನ್ನು ತಂದು ಮೊದಲು ಅದರ ಮೇಲೆ ಕೈಪಳಗಿಸಿಕೊಳ್ಳುವುದಕ್ಕೂ ಎರಡು ಮೂರು ರಾಡ್ ಲೆಕ್ಕ ಹಾಕಿ ಕೊಳ್ಳುವುದು ಒಳ್ಳೆಯದು.

ಬೆಸುಗೆ ಆರಂಭಿಸುವ ಮೊದಲು ಬ್ರಾಕೆಟ್‌ನ ಟ್ಯಾಕ್‌ಗಳನ್ನು ಕತ್ತರಿಸಿ ಅದನ್ನು ಪಕ್ಕಕ್ಕಿಡಬೇಕು. ಎರಕದ ಭಾಗವನ್ನೆಲ್ಲ, ಬೆಸೆಯುವ ಮಗ್ಗುಲನ್ನು ಮಾತ್ರವಲ್ಲದೆ, ಗ್ಯಾಸ್ ಬರ್ನರ್‌ನ ಮೆದು ಜ್ವಾಲೆಯಿಂದ 200ರಿಂದ 250 ಡಿಗ್ರಿಗೆ ಸಮವಾಗಿ ಕಾಯಿಸಬೇಕು. ಶಾಖವನ್ನು ತಾಪಸೂಚಕ ಬಳಪದಿಂದ ನೋಡುವುದು ವಾಸಿ, ಏಕೆಂದರೆ ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಈಗ ಗೆರೆ ಕೊರೆದ ಜಾಗದಲ್ಲಿ ಎರಕದ ಮೇಲೆ ಮಾತ್ರ ನಿಕ್ಕಲ್ ರಾಡಿನಿಂದ ಒಂದು ಹಾಸು ಹಾಕಬೇಕು. 3.15 ಮಿ.ಮೀ. ರಾಡಿಗೆ 80ರಿಂದ 100 ಆಂಪಿಯರ್, ರಾಡ್ ಧನ ತುದಿಯಲ್ಲಿ, ಆರ್ಕ್ ಗಿಡ್ಡವಾಗಿ. ಒಂದೊಂದು ಗೆರೆಯೂ 25 ಮಿ.ಮೀ. ಮೀರಬಾರದು. ಗೆರೆ ಮುಗಿಸುವಾಗ ತುದಿಯ ಗುಳಿಯನ್ನು ತುಂಬಿ, ತಕ್ಷಣ ಸ್ಲ್ಯಾಗ್ (ಬೆಸುಗೆಯ ಮೇಲೆ ಗಟ್ಟಿಯಾಗುವ ಕಿಟ್ಟ) ಕೆರೆದು, ಲೋಹ ಇನ್ನೂ ಬಿಸಿಯಿರುವಾಗಲೇ ದುಂಡು ಮೂತಿಯ ಸುತ್ತಿಗೆಯಿಂದ ಹಗುರಾಗಿ, ಒತ್ತೊತ್ತಾಗಿ ಬಡಿಯಬೇಕು. ಬಡಿತಕ್ಕೆ ಮೆದು ನಿಕ್ಕಲ್ ಹರಡಿಕೊಂಡು, ಆರುವಾಗ ಕುಗ್ಗುವ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಮುಂದಿನ ಗೆರೆಯನ್ನು ಇದರ ಪಕ್ಕದಲ್ಲಿ ಹಾಕದೆ ಸ್ವಲ್ಪ ದೂರದಲ್ಲಿ ಹಾಕಿ ಬರಬೇಕು. ಈ ನಡುವೆ 'ಟಿಣ್' ಎಂಬ ಸಣ್ಣ ಸದ್ದು ಕೇಳಿದರೆ ಕೆಲಸ ನಿಲ್ಲಿಸಿ ನೋಡಬೇಕು, ಅದು ಬಿರುಕು ಬಿಟ್ಟ ಸದ್ದಾಗಿರಬಹುದು. ಬಿರುಕು ಕಂಡರೆ ಅಷ್ಟನ್ನೂ ಕೊರೆದು ತೆಗೆದು ಮತ್ತೆ ಹಾಕಬೇಕು.

ಹಾಸು ಮುಗಿದ ಮೇಲೆ ಅದನ್ನು ಮಟ್ಟ ಮಾಡಿ ಬ್ರಾಕೆಟ್ಟನ್ನು ಗೆರೆಗೆ ಸರಿಯಾಗಿ ಕೂರಿಸಿ, ಕೊಳವೆಯ ಮೇಲೆ ಮತ್ತೆ ಟ್ಯಾಕ್ ಹಾಕಬೇಕು. ತಾಪ 200ಕ್ಕಿಂತ ಕೆಳಗಿಳಿದಿದ್ದರೆ ಮತ್ತೆ ಕಾಯಿಸಿ, ಬ್ರಾಕೆಟ್‌ನ ಅಂಚನ್ನು ಆ ನಿಕ್ಕಲ್ ಹಾಸಿಗೆ ನಿಕ್ಕಲ್ ರಾಡಿನಿಂದಲೇ ಮೊದಲಿನಂತೆ ಚಿಕ್ಕ ಗೆರೆಗಳಲ್ಲಿ ಬೆಸೆಯಬೇಕು. ಎರಕದ ಬದಿ ಮೊದಲು, ಕೊಳವೆಯ ಬದಿ ಕೊನೆಗೆ. ಕೊಳವೆಯನ್ನು ಮೊದಲು ಪೂರ್ತಿ ಬೆಸೆದರೆ ಬ್ರಾಕೆಟ್ ಅಲುಗದಂತೆ ಸೆಟೆದು ನಿಂತು, ಎರಕದ ಬೆಸುಗೆ ಆರುವಾಗ ಆಗುವ ಎಳೆತವೆಲ್ಲ ಎರಕದ ಮೇಲೇ ಬೀಳುತ್ತದೆ. ಕೊಳವೆಯ ಭಾಗಕ್ಕೆ 7018 ರಾಡ್ ಅಥವಾ ಮಿಗ್ ಸಾಕು. ಅಲ್ಲಿಯೂ ಒಂದೇ ಕಡೆ ಉದ್ದಕ್ಕೆ ಎಳೆಯದೆ ಎದುರುಬದುರಾಗಿ ತುಂಡು ತುಂಡಾಗಿ ಬೆಸೆದರೆ ಬಾಗುವಿಕೆ ಕಡಿಮೆಯಾಗುತ್ತದೆ. ದೊಡ್ಡ ಟೈರ್ ಹಾಕುವವರು ಕೊಳವೆ ಎರಕದೊಳಗೆ ತಿರುಗದಿರಲೆಂದು ಅವುಗಳ ಸಂದನ್ನೂ ಸುತ್ತ ಬೆಸೆಯುವುದುಂಟು. ಅದನ್ನು ಮಾಡುವುದಾದರೆ ಇದೇ ಕಾವಿನಲ್ಲಿ, ಇದೇ ನಿಕ್ಕಲ್ ರಾಡಿನಿಂದ ಮಾಡಿ ಮುಗಿಸಬೇಕು.

ಬೆಸುಗೆ ಮುಗಿದ ಕೂಡಲೇ ಎರಕವನ್ನು ಮತ್ತೊಮ್ಮೆ ಸಮವಾಗಿ ಕಾಯಿಸಿ, ಸೆರಾಮಿಕ್ ಫೈಬರ್ ಹೊದಿಕೆಯಲ್ಲಿ ಸುತ್ತಿ ಅಥವಾ ಒಣ ಮರಳು ಇಲ್ಲವೇ ಬೂದಿಯಲ್ಲಿ ಹೂತು, ಇಡೀ ರಾತ್ರಿ ಬಿಡಬೇಕು. ಹಳೆಯ ಆಸ್ಬೆಸ್ಟಾಸ್ ಬಟ್ಟೆ ಕೈಗೆ ಸಿಕ್ಕರೂ ಬಳಸಬಾರದು. ನೀರು, ಫ್ಯಾನ್, ಕಂಪ್ರೆಸರ್ ಗಾಳಿ ಯಾವುದನ್ನೂ ತೋರಿಸಕೂಡದು.

ಮರುದಿನ ಮುಟ್ಟಿದರೆ ತಣ್ಣಗಿರುವಾಗ ಡೈ ಪೆನಿಟ್ರಂಟ್ ಪರೀಕ್ಷೆ ಮಾಡಬೇಕು: ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದಾಗ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಬೆಸುಗೆಯ ಮೇಲಿಗಿಂತ ಅದರ ಎರಕದ ಕಡೆಯ ಅಂಚನ್ನು ಹೆಚ್ಚು ಗಮನವಿಟ್ಟು ನೋಡಬೇಕು. ನೇರ ಪಟ್ಟಿಗಳ ಅಳತೆಯನ್ನು ಹಿಂದಿನದರೊಂದಿಗೆ ಹೋಲಿಸಿ, ವ್ಯತ್ಯಾಸ ಬಂದಿದ್ದರೆ ಒಳಭಾಗಗಳನ್ನು ಜೋಡಿಸುವ ಮೊದಲೇ ಪ್ರೆಸ್ ಇರುವ ಮಷೀನ್ ಶಾಪಿನಲ್ಲಿ ಕೊಳವೆಯನ್ನು ಸರಿಪಡಿಸಿಕೊಳ್ಳಬೇಕು. ಬೇರಿಂಗ್ ಬೋರ್‌ಗಳನ್ನೂ ಅಲ್ಲೇ ಅಳೆಸುವುದು ಒಳ್ಳೆಯದು. ಆ ಮೇಲೆ ಹೊಸ ಸೀಲ್‌ಗಳನ್ನು ಹಾಕಿ, ಕ್ರೌನ್-ಪಿನಿಯನ್ ಹೊಂದಾಣಿಕೆಯನ್ನು ಹೊಸದಾಗಿ ನೋಡಿಯೇ ಮುಚ್ಚಬೇಕು.

ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನವಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಆಫ್‌ರೋಡ್ ಸ್ಪರ್ಧೆಗೆಂದೇ ಇಟ್ಟ ಗಾಡಿಯಾದರೂ ಅದನ್ನು ರಸ್ತೆಗಿಳಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಮೊದಲ ಓಡಾಟವಾದ ಮೇಲೆ ಗಾಡಿಯನ್ನು ತೊಳೆದು, ಬ್ರಾಕೆಟ್‌ನ ಸುತ್ತ ಬಣ್ಣ ಕೂದಲೆಳೆಯಷ್ಟು ಸೀಳಿದೆಯೇ, ಕೊಳವೆ ಎರಕಕ್ಕೆ ಸೇರುವಲ್ಲಿ ಎಣ್ಣೆ ಜಿನುಗಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಬ್ರಾಕೆಟ್ ಸುತ್ತ ಕಪ್ಪು ಬಣ್ಣದ ಬದಲು ತಿಳಿಬೂದು ಬಣ್ಣ ಬಳಿದಿದ್ದರೆ ಬಿರುಕು ಬೇಗ ಕಣ್ಣಿಗೆ ಬೀಳುತ್ತದೆ.