ಕಡಲ ಮೇಲಿನ ಎಣ್ಣೆಯನ್ನು ರಾಡಾರ್ ಚಿತ್ರದಲ್ಲಿ ಗುರುತಿಸುವುದು ಹೇಗೆ?

ತುಮಕೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಉಪಗ್ರಹ ಚಿತ್ರಗಳನ್ನು ಓದಲು ಕಲಿಸುವಾಗ ಪ್ರತಿ ವರ್ಷವೂ ಒಂದೇ ತಪ್ಪನ್ನು ಕಾಣುತ್ತೇನೆ: ಕಡಲಲ್ಲಿ ಕಪ್ಪು ಕಲೆ ಕಂಡೊಡನೆ ಅದರ ಸುತ್ತ ಗೆರೆ ಎಳೆದು ‘ಎಣ್ಣೆ ಸೋರಿಕೆ’ ಎಂದು ಬರೆದುಬಿಡುತ್ತಾರೆ.

ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ವಿವಿ ಧ್ರುವೀಕರಣದ್ದನ್ನೇ (ರಾಡಾರ್ ಅಲೆಯನ್ನು ಲಂಬವಾಗಿ ಕಳುಹಿಸಿ ಲಂಬವಾಗಿಯೇ ಪಡೆದದ್ದು) ಇಳಿಸಿಕೊಳ್ಳಿ. 2025ರ ಮೇ 25ರಂದು ಇಂಧನ ಎಣ್ಣೆಯಿದ್ದ ಎಂಎಸ್‌ಸಿ ಎಲ್ಸಾ-3 ಸರಕು ಹಡಗು ಕೇರಳದ ಕರಾವಳಿಯಾಚೆ ಮುಳುಗುವ ಹಿಂದಿನ ದಿನವಷ್ಟೇ ಮುಂಗಾರು ಅಲ್ಲಿಗೆ ಕಾಲಿಟ್ಟಿತ್ತು. ಅಂಥ ಮೋಡದ ದಿನಗಳಲ್ಲಿ ಬಣ್ಣದ ಚಿತ್ರಗಳನ್ನು ನೆಚ್ಚುವಂತಿಲ್ಲ, ರಾಡಾರ್ ಮಾತ್ರ ಮೋಡವನ್ನು ದಾಟಿ ನೋಡುತ್ತದೆ.

ಉಪಗ್ರಹ ಚಿತ್ರಗಳನ್ನು ಸಂಸ್ಕರಿಸುವ ಉಚಿತ ತಂತ್ರಾಂಶವಾದ ಸ್ನ್ಯಾಪ್‌ನಲ್ಲಿ ಹೊಳಪಿನ ಅಳತೆ ಸರಿಪಡಿಸಿ, ನೆಲವನ್ನು ಮರೆಮಾಡಿ, ರಾಡಾರ್ ಚಿತ್ರದಲ್ಲಿ ಸಹಜವಾಗಿ ಮೂಡುವ ಚುಕ್ಕೆಗಳನ್ನು ಹಗುರವಾಗಿ ಸೋಸಿರಿ. ಚಿತ್ರ ಅಂದವಾಗಲೆಂದು ಬಿಗಿಯಾಗಿ ಸೋಸಿದರೆ ಹಡಗಿನ ಹಿಂದೆ ಎಳೆಯಾಗಿ ಸಾಗಿದ ಎಣ್ಣೆಯೇ ಅಳಿಸಿಹೋಗುತ್ತದೆ.

ಇನ್ನು ಎಡವುವ ಹಂತ. ಅಗಲವಾದ ತೊಟ್ಟಿಯ ನೀರಿಗೆ ಫ್ಯಾನಿನ ಗಾಳಿ ಬಿಟ್ಟು ಒಂದು ಹನಿ ಹೊಂಗೆ ಎಣ್ಣೆ ಹಾಕಿ ನೋಡಿ, ಕಿರಿಯ ಅಲೆಗಳು ಅಡಗುತ್ತವೆ. ರಾಡಾರ್‌ಗೆ ಕಾಣುವುದು ಈ ನಯವೇ ಹೊರತು ಎಣ್ಣೆಯಲ್ಲ, ನಯವಾದ ನೀರು ರಾಡಾರ್ ಸಂಕೇತವನ್ನು ಅಷ್ಟಾಗಿ ಹಿಂದಿರುಗಿಸುವುದಿಲ್ಲ, ಆದ್ದರಿಂದ ನೀರನ್ನು ನಯವಾಗಿಸುವ ಯಾವುದೂ ಕಪ್ಪಾಗಿ ಕಾಣುತ್ತದೆ. ಗಾಳಿ ಸೆಕೆಂಡಿಗೆ 2–3 ಮೀಟರಿಗಿಂತ ಕಡಿಮೆಯಿದ್ದರೆ ಇಡೀ ಕಡಲೇ ಕಪ್ಪು. 10–12 ಮೀಟರ್ ದಾಟಿದರೆ ಎಣ್ಣೆ ಅಲೆಗಳಲ್ಲಿ ಕಲಸಿ ಮರೆಯಾಗುತ್ತದೆ. ಹೀಗಾಗಿ ಕಲೆಯನ್ನು ನೋಡುವ ಮೊದಲೇ ಆ ಗಂಟೆಯ ಗಾಳಿಯ ದತ್ತಾಂಶವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಇದನ್ನು ಬಿಟ್ಟವರ ನಕ್ಷೆಯನ್ನು ನಾನು ತಿದ್ದಲೂ ಹೋಗುವುದಿಲ್ಲ. ದೇವರಾಯನದುರ್ಗದ ಬೆಟ್ಟದ ಮರೆಯಲ್ಲಿ ಗಾಳಿ ನಿಲ್ಲುವಂತೆ ದ್ವೀಪಗಳ ಮರೆಯಲ್ಲೂ ಗಾಳಿ ತಗ್ಗಿ ನೀರು ನಯವಾಗುತ್ತದೆ. ಪಾಚಿಯ ಹಬ್ಬುವಿಕೆ, ಮಳೆ ಸುರಿದ ಜಾಗ, ಮೀನಿನ ಜಿಡ್ಡು ಕೂಡ ಹೀಗೆಯೇ ಮೋಸಮಾಡುತ್ತವೆ. ಅಂಚು ಮಸುಕಾಗಿ ಕರಗಿದ್ದರೆ ಗಾಳಿಯ ಮೇಲೆ ಅನುಮಾನಪಡಿ. ಹಡಗಿನ ಬಿಳಿ ಚುಕ್ಕೆಯಿಂದ ಹೊರಟ, ಅಂಚು ಸ್ಪಷ್ಟವಾದ ಉದ್ದನೆಯ ಪಟ್ಟೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಂದೇ ಗುಂಡಿ ಒತ್ತಿದರೆ ‘ಎಣ್ಣೆ’ ಗುರುತಿಸುವ ಸ್ವಯಂಚಾಲಿತ ಸಾಧನಗಳು ಈ ವಿವೇಚನೆಯನ್ನು ನಿಮ್ಮ ಪರವಾಗಿ ಮಾಡಲಾರವು.

ಎಣ್ಣೆಯ ದಪ್ಪವನ್ನು ಇಂಥ ಚಿತ್ರದಿಂದ ಹೇಳಲಾಗದು, ಅದಕ್ಕೆ ವಿಮಾನವೇ ಬೇಕು. ತರಬೇತಾದ ವೀಕ್ಷಕರು ಬಣ್ಣದಿಂದ ಅಂದಾಜಿಸುತ್ತಾರೆ: ಬೆಳ್ಳಿಯ ಛಾಯೆಯಿದ್ದರೆ ಚದರ ಕಿಲೋಮೀಟರಿಗೆ 40ರಿಂದ 300 ಲೀಟರ್, ಲೋಹದ ಹೊಳಪಿದ್ದರೆ 5,000ದಿಂದ 50,000 ಲೀಟರ್. ಚಿತ್ರದಲ್ಲಿನ ವಿಸ್ತೀರ್ಣವನ್ನಷ್ಟೇ ಹಿಡಿದು ‘ಸಾವಿರಾರು ಟನ್’ ಎಂದು ಬರೆಯುವುದು ಸಲ್ಲದು.

ಪಟ್ಟೆ ಮುಂದೆ ಎಲ್ಲಿಗೆ ಸಾಗುತ್ತದೆಂದು ತಿಳಿಯಲು ನೀರಿನ ಹರಿವಿನ ಪೂರ್ಣ ವೇಗಕ್ಕೆ ಗಾಳಿಯ ವೇಗದ ಸುಮಾರು 3 ಪ್ರತಿಶತವನ್ನು, ಎರಡರ ದಿಕ್ಕನ್ನೂ ಗಮನಿಸಿ, ಕೂಡಿಸಿ. ಚಿತ್ರದ ಮೇಲಿನ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಮ್ಮ ಸಮಯಕ್ಕೆ ತರಲು ಐದೂವರೆ ಗಂಟೆ ಸೇರಿಸಿ. ಮರೆತರೆ, ಸೆಕೆಂಡಿಗೆ ಅರ್ಧ ಮೀಟರ್ ಹರಿವಿನಲ್ಲಿ ನಿಮ್ಮ ಪಟ್ಟೆ ಸುಮಾರು 10 ಕಿಲೋಮೀಟರ್ ತಪ್ಪಾದ ಜಾಗದಲ್ಲಿರುತ್ತದೆ.