ತಡ್ಕೊಳೋಕಾಗ್ತಿಲ್ಲ ಅನ್ಸಿದಾಗ ಯಾರಿಗೆ ಹೇಳೋದು, ದೇವ್ರ ಮುಂದೆ ಹೇಗೆ ಕೂರೋದು

ಅಮ್ಮಂಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದೋದ ವರ್ಷ, ಒಂದಿನ ರಾತ್ರಿ ಎರಡು ಗಂಟೆಗೆ ಅವಳ ಡೈಪರ್ ಬದಲಾಯಿಸಿ ಕೈ ತೊಳ್ಕೊಂಡು ಬಂದು ಮೆಟ್ಟಿಲ ಮೇಲೆ ಕೂತವಳಿಗೆ ಎದ್ದೇಳೋಕೇ ಆಗ್ಲಿಲ್ಲ, ಅಳುನೂ ಬರ್ತಿಲ್ಲ ನಿದ್ದೆನೂ ಬರ್ತಿಲ್ಲ, ಬೆಳಿಗ್ಗೆ ಆಫೀಸು ಬೇರೆ. ಅವತ್ತಿಂದ ಕಲಿತಿದ್ದನ್ನ ಬರೀತಿದೀನಿ.

ಮೊದ್ಲು, ಆ ಹೊತ್ತಲ್ಲಿ ಯಾವ ತೀರ್ಮಾನನೂ ಬೇಡ. ಕೆಲಸ ಬಿಡೋದು, ಅಣ್ಣಂಗೆ ವಾಟ್ಸಾಪಲ್ಲಿ ಉದ್ದುದ್ದ ಬರ್ದು ಜಗಳ ಕಾಯೋದು, ಹೊಸ ಹರಕೆ ಹೊರೋದು, ಎಲ್ಲಾ ಬೆಳಕು ಹರಿದ್ಮೇಲೆ. ಮುಖ ತೊಳೀರಿ, ತಟ್ಟೇಲಿ ಒಂದಿಷ್ಟು ಮೊಸರನ್ನ ಕಲಸ್ಕೊಳ್ಳಿ. ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅನ್ನೋದು ಎಷ್ಟೋ ಸಲ ನಮಗೇ ಗೊತ್ತಿರಲ್ಲ.

ಆಮೇಲೆ ಒಬ್ರಿಗೆ ಹೇಳ್ಬೇಕು. ಇಲ್ಲೇ ನಾವೆಲ್ಲ ಎಡವೋದು. "ಯಾಕೋ ಬೇಜಾರು" ಅಂದ್ರೆ ಎದುರಿನವ್ರು "ಎಲ್ಲಾ ಸರಿ ಹೋಗುತ್ತೆ ಬಿಡು" ಅಂದು ಮುಗಿಸ್ತಾರೆ, ಪಾಪ ಅವರ ತಪ್ಪಲ್ಲ, ನಾವು ಏನು ಬೇಕು ಅಂತಲೇ ಹೇಳಿರಲ್ಲ. ಹಂಗಾಗಿ ನೇರವಾಗಿ ಕೇಳಿ: "ನಂಗೆ ಬುದ್ಧಿ ಹೇಳ್ಬೇಡ, ಹತ್ತು ನಿಮಿಷ ಸುಮ್ನೆ ಕೇಳಿಸ್ಕೋ." ಇಲ್ಲಾಂದ್ರೆ "ಭಾನುವಾರ ಮೂರು ಗಂಟೆ ಅಮ್ಮನ ಹತ್ರ ಕೂತ್ಕೋ, ನಾನು ಮಲಗ್ಬೇಕು." ನಾನು ನಮ್ಮ ಸೋದರತ್ತೆಗೆ ಹೇಳಿದ್ದು, "ಅತ್ತೆ, ದಿನಾ ಬೆಳಿಗ್ಗೆ 8ಕ್ಕೆ ಒಂದು ಫೋನ್ ಮಾಡಿ, ಏನೂ ಮಾತಾಡ್ದೇ ಇದ್ರೂ ಪರ್ವಾಗಿಲ್ಲ" ಅಂತ, ಅಷ್ಟೇ. ನಿಮಗೆ ಹತ್ತಿರದವರೇ ಆಗ್ಬೇಕಂತಿಲ್ಲ, ವಿಷಯ ಕೇಳಿ ನಿಮಗಿಂತ ಜೋರಾಗಿ ಅಳೋರು ಬೇಡ, ಇನ್ನೊಬ್ರಿಗೆ ದಾಟಿಸೋರು ಮೊದಲೇ ಬೇಡ.

ಇನ್ನು ದೇವ್ರು. ನಾನು ದೇವಸ್ಥಾನಕ್ಕೆ ಹೋಗ್ತಿದ್ದಿದ್ದು ಮಂಗಳಾರತಿ ಮುಗಿದು ಜನ ಚದುರಿದ್ಮೇಲೆ, ಪ್ರಾಕಾರದಲ್ಲಿ ಕಂಬಕ್ಕೆ ಒರಗಿ ಕೂತ್ಬಿಡೋದು, ಏನೂ ಕೇಳ್ತಿರ್ಲಿಲ್ಲ, ಕೆಲವು ದಿನ ಮನಸ್ಸಲ್ಲೇ ಚೆನ್ನಾಗಿ ಬೈದೂ ಇದೀನಿ. ಬೈಬಹುದು ಕಣ್ರೀ, ದಾಸರೇ ದೇವ್ರನ್ನ ಬೈಯದೆ ಬಿಟ್ಟಿಲ್ಲ. ಮನೇಲಾದ್ರೆ ಹೂಬತ್ತಿ ಹೊಸೀರಿ, ಮಂತ್ರ ತಲೆಗೆ ಹತ್ತದ ದಿನ ಕೈಗೊಂದು ಕೆಲಸ ಇದ್ರೆ ಉಸಿರು ತಾನಾಗೇ ನಿಧಾನ ಆಗುತ್ತೆ. ಚರ್ಚಿಗೋ ದರ್ಗಾಗೋ ಮಠಕ್ಕೋ ಹೋಗೋರೂ ಅಷ್ಟೇ, ಅಲ್ಲಿ ಮನಸ್ಸು ಬಿಚ್ಚಿ ಮಾತಾಡೋಕೆ ಯಾರಾದ್ರೂ ಹಿರಿಯರಿದ್ರೆ ಹೋಗಿ ಕೂತ್ಕೊಳ್ಳಿ.

ಆದ್ರೆ ಒಂದು ಗೆರೆ ಇಟ್ಕೊಳ್ಳಿ. "ನಿನ್ನ ಕರ್ಮ, ಅನುಭವಿಸು" ಅನ್ನೋರು, ದೋಷ ಇದೆ ಇಷ್ಟು ಸಾವಿರ ಕೊಡಿ ಅನ್ನೋರು, ಮಾತ್ರೆ ನಿಲ್ಸಿ ಅನ್ನೋರು, ಈ ಮೂರರಲ್ಲಿ ಒಂದು ಕೇಳಿದ್ರೂ ಚಪ್ಪಲಿ ಹಾಕ್ಕೊಂಡು ಎದ್ದು ಬನ್ನಿ. ನಂಬಿಕೆಗೂ ಡಾಕ್ಟ್ರಿಗೂ ಜಗಳ ಇರ್ಲೇಬೇಕು ಅಂತೇನಿಲ್ಲ. ಗುಜರಾತಿನ ಉನಾವದಲ್ಲಿ ಮೀರಾ ದಾತಾರ್ ದರ್ಗಾ ಇದೆ, ಅಲ್ಲಿಗೆ ಹರಕೆ ಹೊತ್ತು ಬರೋರಿಗೆ ಪ್ರಾರ್ಥನೆ ಜೊತೆಗೇ ಮನೋವೈದ್ಯರ ಚಿಕಿತ್ಸೆನೂ ಸಿಗೋ ಹಾಗೆ ಮಾಡಿದಾರೆ, ಹೆಸರೇ ದವಾ ಮತ್ತು ದುವಾ, ಅಂದ್ರೆ ಔಷಧಿ ಮತ್ತು ಪ್ರಾರ್ಥನೆ. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಹತ್ರ ಮಾನಸಿಕ ರೋಗಿಗಳನ್ನ ಇಟ್ಕೊಳ್ತಿದ್ದ ಜಾಗಕ್ಕೆ 2001ರ ಆಗಸ್ಟಲ್ಲಿ ಬೆಂಕಿ ಬಿದ್ದು, ಸರಪಳಿ ಕಟ್ಟಿಸ್ಕೊಂಡಿದ್ದ ರೋಗಿಗಳು ಓಡೋಕಾಗದೆ ಸತ್ತಿದ್ದನ್ನ ನೆನೆಸ್ಕೊಂಡ್ರೆ ಇಂಥದ್ದು ಎಷ್ಟು ಬೇಕಾಗಿತ್ತು ಅಂತ ಗೊತ್ತಾಗುತ್ತೆ.

ಎರಡು ವಾರ ಆದ್ರೂ ನಿದ್ದೆ ಊಟ ಸರಿಹೋಗಿಲ್ಲ, ಯಾವ್ದರಲ್ಲೂ ಮನಸ್ಸಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಮೊದ್ಲು ಕೌನ್ಸೆಲರ್ ಸಿಗ್ತಾರೆ, ಬೇಕಾದ್ರೆ ಮನೋವೈದ್ಯರಿಗೆ ದಾಟಿಸ್ತಾರೆ. ಹಳ್ಳಿ ಕಡೆಯವ್ರು ತಾಲೂಕು ಆಸ್ಪತ್ರೇಲಿ ವಿಚಾರಿಸಿ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮ್ಮೂರಿಗೆ ಯಾವ ಮಂಗಳವಾರ ಅಂತ ಅಲ್ಲೇ ಕೇಳ್ಕೊಳ್ಳಿ.

ಸಾಯೋ ಯೋಚನೆ ಬರ್ತಿದ್ರೆ ಎರಡು ವಾರ ಎರಡು ದಿನ ಅಂತೆಲ್ಲ ಕಾಯ್ಬೇಡಿ. ಒಬ್ರೇ ಇರ್ಬೇಡಿ, ಸುತ್ತಿ ಬಳಸಿ ಹೇಳ್ಬೇಡಿ, "ನಂಗೆ ಸಾಯೋ ಯೋಚನೆ ಬರ್ತಿದೆ, ಈಗ್ಲೇ ಬಾ" ಅಂತ್ಲೇ ಹೇಳಿ, ಮನೇಲಿರೋ ಮಾತ್ರೆ, ಬೆಳೆಗೆ ಹೊಡೆಯೋ ಔಷಧಿ ಎಲ್ಲಾ ಪಕ್ಕದ್ಮನೆಯವ್ರ ಕೈಗೆ ಕೊಟ್ಟು ಬೀಗ ಹಾಕ್ಸಿ. ತೀರಾ ತುರ್ತಾದ್ರೆ 112. ಪೊಲೀಸ್ ಕೇಸಾಗುತ್ತೆ ಅಂತ ಆಸ್ಪತ್ರೆಗೆ ಹೆದರೋರಿದಾರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ್ಮೇಲೆ ಸಾಯೋ ಪ್ರಯತ್ನ ಪಟ್ಟವರನ್ನ ತೀವ್ರ ಒತ್ತಡದಲ್ಲಿದ್ದವ್ರು ಅಂತ್ಲೇ ನೋಡ್ಬೇಕು, ಅವ್ರಿಗೆ ಆರೈಕೆ ಕೊಡೋದು ಸರ್ಕಾರದ ಹೊಣೆ.

ಅತ್ತೆ ಈಗ್ಲೂ ಬೆಳಿಗ್ಗೆ 8ಕ್ಕೆ ಫೋನ್ ಮಾಡ್ತಾರೆ. ಈಗೀಗ ಜಾಸ್ತಿ ಅವರ ಮಂಡಿ ನೋವಿನ ಸುದ್ದಿನೇ, ನಾನು ಹೂಂಗುಡ್ತಾ ಅಮ್ಮಂಗೆ ಗಂಜಿ ತಿನ್ನಿಸ್ತಿರ್ತೀನಿ.